ಟೆನ್ಷನ್ ಮಾಡ್ಕೋಬೇಡಿ ಅಂದರೆ ಸಾಕೇ?

2024ರ ನವೆಂಬರ್‌ನಲ್ಲಿ ನೆಲಮಂಗಲದ ಕಡೆಯಿಂದ ಹೊರಟಿದ್ದ ಬಿಎಂಟಿಸಿ ಬಸ್ಸೊಂದರ ಚಾಲಕ ಸ್ಟೀರಿಂಗ್ ಹಿಡಿದಿದ್ದ ಹಾಗೆಯೇ ಪಕ್ಕಕ್ಕೆ ಒರಗಿಬಿದ್ದರು. ಕಂಡಕ್ಟರ್ ಜಿಗಿದು ಬಂದು ಬಸ್ಸನ್ನು ನಿಲ್ಲಿಸಿದ್ದರಿಂದ ಪ್ರಯಾಣಿಕರೆಲ್ಲ ಉಳಿದರು; ಚಾಲಕ ಉಳಿಯಲಿಲ್ಲ. ವಯಸ್ಸು ನಲವತ್ತರ ಆಸುಪಾಸು. ಬಸ್ಸಿನೊಳಗಿನ ಕ್ಯಾಮೆರಾದಲ್ಲಿ ಸೆರೆಯಾದ ಆ ದೃಶ್ಯವನ್ನು ನೋಡದವರು ಕಡಿಮೆ. ಮುಂದಿನ ವರ್ಷ ಹಾಸನ ಜಿಲ್ಲೆಯ ಸರದಿ. ಸುಮಾರು ನಲವತ್ತು ದಿನಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಹಠಾತ್ತಾಗಿ ಸತ್ತರೆಂಬ ಸುದ್ದಿ ಹಬ್ಬಿ, ಬೆಂಗಳೂರು ಮತ್ತು ಮೈಸೂರಿನ ಜಯದೇವ ಆಸ್ಪತ್ರೆಗಳ ಮುಂದೆ ಬೆಳಗಿನ ಜಾವದಿಂದಲೇ ಜನ ಸಾಲುಗಟ್ಟಿದರು. ಸರ್ಕಾರ ನೇಮಿಸಿದ ತಜ್ಞರ ಸಮಿತಿಗೆ ಹೊಸ ಭೂತವೇನೂ ಸಿಗಲಿಲ್ಲ. ಸಿಕ್ಕವೆಲ್ಲ ಹಳೆಯ ಕಾರಣಗಳೇ: ಬಿಪಿ, ಸಕ್ಕರೆ ಕಾಯಿಲೆ, ತಂಬಾಕು, ಮದ್ಯ, ಬೊಜ್ಜು, ಮನೆತನದಲ್ಲಿ ಹೃದ್ರೋಗ. ಮೃತರಲ್ಲಿ ಆಟೊ, ಕ್ಯಾಬ್ ಓಡಿಸುವವರು ಕಣ್ಣಿಗೆ ಬೀಳುವಷ್ಟಿದ್ದರು ಎಂಬುದೂ ಆಗ ಹೊರಬಂತು, ಬಂದಷ್ಟೇ ಬೇಗ ಮರೆತೂ ಹೋಯಿತು.

ಇಂಥ ಸಾವಿನ ಮನೆಯಲ್ಲಿ ಎರಡು ಮಾತು ತಪ್ಪದೆ ಕಿವಿಗೆ ಬೀಳುತ್ತವೆ. ‘ಯಾವ ಚಟವೂ ಇರಲಿಲ್ಲ’ ಎಂಬುದು ಒಂದು, ‘ಎಲ್ಲದಕ್ಕೂ ಟೆನ್ಷನ್ ಮಾಡ್ಕೋತಿದ್ದ’ ಎಂಬುದು ಇನ್ನೊಂದು. ಎರಡನೆಯದು ಅನುಕಂಪದ ಮಾತೇ. ಆದರೆ ಅದರೊಳಗೆ ಸತ್ತವನ ಮೇಲೆ ಸಣ್ಣದೊಂದು ಆಪಾದನೆಯೂ ಅಡಗಿದೆ: ಮನಸ್ಸಿಗೆ ಹಚ್ಚಿಕೊಳ್ಳದಿದ್ದರೆ ಬದುಕಿರುತ್ತಿದ್ದ. ಒತ್ತಡ ಹೃದಯವನ್ನು ಕೆಡಿಸುತ್ತದೆ ಎಂಬುದರಲ್ಲಿ ನನಗೆ ತಕರಾರಿಲ್ಲ, ಸಾಕ್ಷ್ಯ ಸಾಕಷ್ಟಿದೆ. ಆದರೆ ಹಾಗೆ ಕೆಡಿಸುವ ಒತ್ತಡದ ದೊಡ್ಡ ಪಾಲು ಹಚ್ಚಿಕೊಳ್ಳುವವನ ಸ್ವಭಾವದಲ್ಲಿಲ್ಲ. ಅವನ ದಿನದ ಗಡಿಯಾರ ಯಾರ ಕೈಯಲ್ಲಿದೆ ಎಂಬುದರಲ್ಲಿದೆ.

ಮೊದಲು ದೇಹದ ಮಾತು. ಬೆದರಿದಾಗ ಅಡ್ರಿನಲಿನ್ ರಕ್ತಕ್ಕೆ ನುಗ್ಗುತ್ತದೆ, ಎದೆ ಡವಗುಟ್ಟುತ್ತದೆ, ರಕ್ತನಾಳ ಬಿಗಿಯುತ್ತದೆ, ಬಿಪಿ ಏರುತ್ತದೆ, ಗಾಯವಾದರೆ ರಕ್ತ ಬೇಗ ಹೆಪ್ಪುಗಟ್ಟಲೆಂದು ಪ್ಲೇಟ್‌ಲೆಟ್‌ಗಳು ಅಂಟಂಟಾಗುತ್ತವೆ. ಹುಲಿ ಎದುರಾದರೆ ಇದೆಲ್ಲ ಉಪಕಾರಿ. ಒಳಗೆ ಆಗಲೇ ಕೊಬ್ಬು ಕಟ್ಟಿಕೊಂಡಿರುವ ಹೃದಯದ ರಕ್ತನಾಳಕ್ಕೆ ಮಾತ್ರ ಇದೇ ಸಿದ್ಧತೆ ಅಪಾಯ ತರಬಹುದು. ಆ ಕೊಬ್ಬಿನ ಪದರ ಬಿರಿದು, ಅದರ ಮೇಲೆ ಹೆಪ್ಪುಗಟ್ಟಿದರೆ ಹೃದಯಾಘಾತ. 1994ರ ಜನವರಿ 17ರ ನಸುಕಿನಲ್ಲಿ ಅಮೆರಿಕದ ಲಾಸ್ ಏಂಜಲೀಸ್ ಪ್ರದೇಶದಲ್ಲಿ ಭೂಮಿ ನಡುಗಿದ ದಿನ ಹೃದ್ರೋಗದ ಹಠಾತ್ ಸಾವುಗಳು 24 ಆದವು. ಅದಕ್ಕೆ ಹಿಂದಿನ ದಿನಗಳ ಸರಾಸರಿ ಐದಕ್ಕಿಂತಲೂ ಕಡಿಮೆಯಿತ್ತು. 2006ರ ಫುಟ್‌ಬಾಲ್ ವಿಶ್ವಕಪ್‌ನಲ್ಲಿ ಜರ್ಮನಿ ತಂಡ ಆಡಿದ ದಿನಗಳಲ್ಲಿ ಮ್ಯೂನಿಕ್ ಸುತ್ತಮುತ್ತ ಹೃದಯದ ತುರ್ತು ಪ್ರಕರಣಗಳು ಎರಡೂವರೆ ಪಟ್ಟಿಗಿಂತ ಹೆಚ್ಚಾದವು. (ನಮ್ಮ ಆರ್‌ಸಿಬಿ ಅಭಿಮಾನಿಗಳ ಬಗ್ಗೆ ಅಂಥ ಅಧ್ಯಯನ ಯಾರಾದರೂ ಮಾಡಬೇಕು.)

ಭೂಕಂಪವೂ ಪಂದ್ಯವೂ ಬಂದು ಹೋಗುವಂಥವು. ದಿನನಿತ್ಯದ ಒತ್ತಡದ ವರಸೆ ಬೇರೆ. ಅದು ಒಂದೇ ಏಟಿಗೆ ಕೆಡವುವುದಿಲ್ಲ, ಇಳಿಯಬೇಕಾದ್ದನ್ನು ಇಳಿಯಲು ಬಿಡುವುದಿಲ್ಲ. ಆರೋಗ್ಯವಂತನ ಬಿಪಿ ರಾತ್ರಿ ನಿದ್ದೆಯಲ್ಲಿ ಶೇ 10ರಿಂದ 20ರಷ್ಟು ಕೆಳಗಿಳಿಯುತ್ತದೆ. ರಕ್ತನಾಳಗಳಿಗೆ ಅದೇ ವಿರಾಮ. ಹಾಗೆ ಇಳಿಯದವರಿಗೆ ಹೃದಯ, ಮೆದುಳು, ಮೂತ್ರಪಿಂಡ ಮೂರಕ್ಕೂ ಅಪಾಯ ಹೆಚ್ಚು. ಕಾರ್ಟಿಸೋಲ್ ಎಂಬ ಒತ್ತಡದ ಹಾರ್ಮೋನು ದಿನವಿಡೀ ಏರಿಯೇ ಇದ್ದರೆ ಸಕ್ಕರೆಯೂ ಏರುತ್ತದೆ, ಹೊಟ್ಟೆಯ ಸುತ್ತ ಕೊಬ್ಬು ಸೇರುತ್ತದೆ. 2017ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು 293 ಜನರ ಸ್ಕ್ಯಾನ್‌ಗಳನ್ನು ನೋಡಿ, ಬಳಿಕ ಕೆಲವು ವರ್ಷ ಅವರ ಆರೋಗ್ಯವನ್ನು ಹಿಂಬಾಲಿಸಿತು. ಮೆದುಳಿನಲ್ಲಿ ಭಯವನ್ನು ಗುರುತಿಸುವ ಅಮಿಗ್ಡಲಾ ಎಂಬ ಭಾಗ ಯಾರಲ್ಲಿ ಹೆಚ್ಚು ಚುರುಕಾಗಿತ್ತೋ, ಅವರ ಮೂಳೆಮಜ್ಜೆಯೂ ಹೆಚ್ಚು ಚುರುಕಾಗಿತ್ತು, ರಕ್ತನಾಳಗಳಲ್ಲಿ ಉರಿಯೂತವಿತ್ತು, ಹೃದಯಾಘಾತ, ಪಾರ್ಶ್ವವಾಯುಗಳೂ ಅವರಲ್ಲೇ ಹೆಚ್ಚಾದವು. ಚಿಕ್ಕ ಅಧ್ಯಯನ, ಒಪ್ಪೋಣ. ಆದರೂ ಮನಸ್ಸಿನ ಕಳವಳ ಧಮನಿಯವರೆಗೆ ಇಳಿಯುವ ದಾರಿಯೊಂದು ಕಣ್ಣಿಗೆ ಬಿದ್ದಂತಾಯಿತು.

ಇಷ್ಟು ಓದಿ ‘ಎಲ್ಲ ಟೆನ್ಷನ್‌ನಿಂದಲೇ ನೋಡಿ’ ಎಂದು ಪುಟ ತಿರುಗಿಸುವವರಿಗೆ ಒಂದು ಹಳೆಯ ಕಥೆ ಹೇಳಬೇಕು. 1950ರ ದಶಕದಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಮೇಯರ್ ಫ್ರೀಡ್‌ಮನ್ ಮತ್ತು ರೇ ರೋಸೆನ್‌ಮನ್ ಎಂಬ ಇಬ್ಬರು ಹೃದ್ರೋಗ ವೈದ್ಯರಿದ್ದರು. ಅವರ ಕ್ಲಿನಿಕ್ಕಿನ ಕುರ್ಚಿಗಳಿಗೆ ಹೊಸ ಬಟ್ಟೆ ಹೊದಿಸಲು ಬಂದ ಕೆಲಸಗಾರ, ಸೀಟಿನ ಮುಂದಿನ ಅಂಚು ಮಾತ್ರ ಸವೆದಿದೆಯಲ್ಲ ಎಂದು ಬೆರಗಾದನಂತೆ. ರೋಗಿಗಳು ಒರಗಿ ಕೂರುತ್ತಿರಲಿಲ್ಲ. ಕರೆದ ತಕ್ಷಣ ಏಳುವವರಂತೆ ತುದಿಯಲ್ಲೇ ಕೂರುತ್ತಿದ್ದರು. ಸದಾ ಅವಸರ, ಪೈಪೋಟಿ, ಸಿಡುಕು ಇರುವವರನ್ನು ಈ ವೈದ್ಯರು ‘ಟೈಪ್ ಎ’ ಎಂದು ಕರೆದು, ಅವರಿಗೇ ಹೃದಯಾಘಾತ ಹೆಚ್ಚೆಂದು 1959ರಲ್ಲಿ ಬರೆದರು. ಆ ವಾದ ಜಗತ್ತಿನ ತುಂಬ ಹರಡಿತು. ಮುಂದೆ ನಡೆದ ದೊಡ್ಡ ಅಧ್ಯಯನಗಳಲ್ಲಿ ಅದು ಗಟ್ಟಿಯಾಗಿ ನಿಲ್ಲಲಿಲ್ಲ. ಉಳಿದದ್ದು ಕೋಪ, ಹಗೆತನಗಳ ಬಗೆಗಿನ ಒಂದಷ್ಟು ಮಾತ್ರ. ಆದರೆ ಸಿಗರೇಟು ಕಂಪನಿಗಳ ಹಳೆಯ ಕಡತಗಳು ನ್ಯಾಯಾಲಯಗಳ ಮೂಲಕ ಹೊರಬಿದ್ದಾಗ ಇನ್ನೊಂದು ಸಂಗತಿ ತಿಳಿಯಿತು. ಫಿಲಿಪ್ ಮಾರಿಸ್‌ನಂಥ ಕಂಪನಿಗಳು ವರ್ಷಗಟ್ಟಲೆ ಟೈಪ್ ಎ ಸಂಶೋಧನೆಗೆ ಹಣ ಸುರಿದಿದ್ದವು. ಒತ್ತಡ ಎಂಬ ಪರಿಕಲ್ಪನೆಯನ್ನೇ ಜನಪ್ರಿಯಗೊಳಿಸಿದ ಹಾನ್ಸ್ ಸೆಲ್ಯೆ ಕೂಡ ಆ ಉದ್ಯಮದ ಹಣ ಪಡೆದಿದ್ದರು. ಹೃದಯ ನಿಲ್ಲಿಸುವುದು ಒತ್ತಡ, ಸ್ವಭಾವ; ಸಿಗರೇಟಲ್ಲ ಎಂದಾದರೆ ಯಾರಿಗೆ ಲಾಭ ಎಂದು ಬಿಡಿಸಿ ಹೇಳಬೇಕಿಲ್ಲ.

ಹಾಗಾದರೆ ಒತ್ತಡದ ನಿಜವಾದ ತೂಕ ಎಷ್ಟು? ಇದಕ್ಕೆ ಸಿಕ್ಕಿರುವ ಒಳ್ಳೆಯ ಉತ್ತರಗಳಲ್ಲಿ ಒಂದಕ್ಕೆ ಬೆಂಗಳೂರಿನ ನಂಟಿದೆ. ಕೆನಡಾದಲ್ಲಿ ನೆಲೆಸಿದ ಸಲೀಮ್ ಯೂಸುಫ್ ಓದಿದ್ದು ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ. ಅವರ ನೇತೃತ್ವದ ಇಂಟರ್‌ಹಾರ್ಟ್ ಅಧ್ಯಯನ 52 ದೇಶಗಳಲ್ಲಿ ಮೊದಲ ಹೃದಯಾಘಾತಕ್ಕೆ ಒಳಗಾದ ಸುಮಾರು 15 ಸಾವಿರ ಜನರನ್ನು ಅಷ್ಟೇ ಮಂದಿ ಆರೋಗ್ಯವಂತರೊಡನೆ ಹೋಲಿಸಿ, 2004ರಲ್ಲಿ ಪ್ರಕಟವಾಯಿತು. ಒಂಬತ್ತೇ ಒಂಬತ್ತು ಅಂಶಗಳು ಅಪಾಯದ ಶೇ 90ರಷ್ಟನ್ನು ವಿವರಿಸುತ್ತವೆ ಎಂಬುದು ಅದರ ಸಾರ. ತಂಬಾಕು ಮತ್ತು ರಕ್ತದ ಕೊಬ್ಬು ಮುಂಚೂಣಿಯಲ್ಲಿದ್ದವು. ಸೇದುವವರಿಗೆ ಅಪಾಯ ಸುಮಾರು ಮೂರು ಪಟ್ಟು. ಮನೆ ಮತ್ತು ಕೆಲಸದ ಒತ್ತಡ, ಹಣಕಾಸಿನ ಮುಗ್ಗಟ್ಟು, ಖಿನ್ನತೆ, ಬದುಕು ತನ್ನ ಹಿಡಿತದಲ್ಲಿಲ್ಲ ಎಂಬ ಭಾವ ಇವೆಲ್ಲ ಸೇರಿದ ಮಾನಸಿಕ-ಸಾಮಾಜಿಕ ಅಂಶವೂ ಪಟ್ಟಿಯಲ್ಲಿತ್ತು. ಸದಾಕಾಲ ಒತ್ತಡದಲ್ಲೇ ಇರುತ್ತೇನೆ ಎಂದವರಿಗೆ ಹೃದಯಾಘಾತದ ಸಂಭವ ಎರಡು ಪಟ್ಟು. ಹೃದಯಾಘಾತ ಆದ ಮೇಲೆ ಕೇಳಿದರೆ ಯಾರಾದರೂ ಕಷ್ಟವನ್ನೇ ನೆನೆಯುತ್ತಾರೆ ಎಂಬ ಆಕ್ಷೇಪಕ್ಕೆ ಅರ್ಥವಿದೆ. ಅದನ್ನು ಕಳೆದರೂ ಒತ್ತಡ ಪಟ್ಟಿಯಿಂದ ಬಿದ್ದುಹೋಗುವುದಿಲ್ಲ. ಬಿಪಿ, ಸಕ್ಕರೆಗಳ ಸಾಲಿನಲ್ಲಿ ಅದಕ್ಕೂ ಒಂದು ಕುರ್ಚಿ ಇದೆ. ಇಡೀ ಕೋಣೆ ಅದರದ್ದಲ್ಲ.

ಅಲ್ಲದೆ ಒತ್ತಡ ಒಂಟಿಯಾಗಿ ಬರುವುದಿಲ್ಲ. ರಾತ್ರಿಪಾಳಿಯವನ ಬಾಯಲ್ಲಿ ಗುಟ್ಕಾ ಇರುವುದು ನಿದ್ದೆ ತಡೆಯಲಿಕ್ಕೆ. ಮಧ್ಯಾಹ್ನದ ಊಟ ಸಂಜೆ ನಾಲ್ಕಕ್ಕೆ ಬೋಂಡಾ, ಟೀಯಲ್ಲಿ ಮುಗಿಯುವುದು ಬಿಡುವು ಸಿಗದ್ದರಿಂದ. ಇವನ್ನು ‘ಜೀವನಶೈಲಿ’ ಎಂದು ಕರೆಯುವುದು ನನಗೆ ಯಾವಾಗಲೂ ಸ್ವಲ್ಪ ಹಾಸ್ಯಾಸ್ಪದವಾಗಿ ಕಾಣುತ್ತದೆ. ಶೈಲಿ ಆರಿಸಿಕೊಳ್ಳುವ ಅನುಕೂಲ ಇದ್ದವರ ಮಾತು ಅದು.

ಒತ್ತಡ ಎಂದೊಡನೆ ನಮ್ಮ ಕಣ್ಮುಂದೆ ಬರುವವರು ಯಾರು? ಎರಡು ಫೋನು ಹಿಡಿದ ಮೇಲಧಿಕಾರಿ, ಸಾವಿರ ಜನರ ಹೊಣೆ ಹೊತ್ತ ಉದ್ಯಮಿ. ಈ ಚಿತ್ರವನ್ನು ಮೊದಲು ಅಲುಗಾಡಿಸಿದ್ದು ಲಂಡನ್ನಿನ ಸರ್ಕಾರಿ ನೌಕರರ ಅಧ್ಯಯನ. 1967ರಲ್ಲಿ ಆರಂಭವಾದ ‘ವೈಟ್‌ಹಾಲ್’ ಅಧ್ಯಯನದಲ್ಲಿ 17 ಸಾವಿರಕ್ಕೂ ಹೆಚ್ಚು ಗಂಡಸರಿದ್ದರು. ಯಾರೂ ಕಡುಬಡವರಲ್ಲ, ಎಲ್ಲರಿಗೂ ಖಾಯಂ ನೌಕರಿ, ಉಚಿತ ಚಿಕಿತ್ಸೆ. ಆದರೂ ಹೃದ್ರೋಗದ ಸಾವು ಕಾರ್ಯದರ್ಶಿ ಮಟ್ಟದವರಿಗಿಂತ ಜವಾನರಲ್ಲಿ, ಸಂದೇಶವಾಹಕರಲ್ಲಿ ಮೂರು ಪಟ್ಟಿಗಿಂತ ಹೆಚ್ಚಿತ್ತು. ಅದೂ ಮೆಟ್ಟಿಲು ಮೆಟ್ಟಿಲಾಗಿ: ಮೇಲಿನಿಂದ ಎರಡನೆಯ ದರ್ಜೆಯವನಿಗೆ ಮೊದಲನೆಯವನಿಗಿಂತ ಹೆಚ್ಚು, ಮೂರನೆಯವನಿಗೆ ಇನ್ನೂ ಹೆಚ್ಚು. ಕೆಳದರ್ಜೆಯವರು ಹೆಚ್ಚು ಸೇದುತ್ತಿದ್ದರು, ನಿಜ. ಆದರೆ ಸಿಗರೇಟು, ಬಿಪಿ, ಕೊಬ್ಬು ಎಲ್ಲ ಲೆಕ್ಕ ಹಿಡಿದರೂ ಈ ಅಂತರದ ಮೂರನೇ ಒಂದು ಭಾಗಕ್ಕಿಂತ ಹೆಚ್ಚನ್ನು ವಿವರಿಸಲಾಗಲಿಲ್ಲ. ಮೈಕೆಲ್ ಮಾರ್ಮಟ್ ಮತ್ತು ಸಂಗಡಿಗರು 1985ರಲ್ಲಿ ಹೆಂಗಸರನ್ನೂ ಸೇರಿಸಿ 10,308 ನೌಕರರ ಎರಡನೇ ಅಧ್ಯಯನ ಶುರು ಮಾಡಿದರು. ಅಲ್ಲಿ ಎದ್ದು ಕಂಡದ್ದು ಹಿಡಿತದ ಪ್ರಶ್ನೆ: ತನ್ನ ಕೆಲಸವನ್ನು ಹೇಗೆ, ಯಾವಾಗ, ಯಾವ ವೇಗದಲ್ಲಿ ಮಾಡಬೇಕೆಂಬುದರ ಮೇಲೆ ಯಾರಿಗೆ ಹಿಡಿತ ಕಡಿಮೆಯೋ ಅವರಲ್ಲಿ ಹೃದ್ರೋಗ ಹೆಚ್ಚು. ರಾಬರ್ಟ್ ಕರಾಸೆಕ್ 1979ರಲ್ಲೇ ಇದಕ್ಕೊಂದು ಸೂತ್ರ ಕೊಟ್ಟಿದ್ದರು. ಕೆಲಸದ ಹೊರೆ ಜಾಸ್ತಿ, ಹಿಡಿತ ಕಡಿಮೆ. ಈ ಎರಡೂ ಸೇರಿದ ಕಡೆ ದೇಹ ಸವೆಯುತ್ತದೆ.

ಈ ಸೂತ್ರವನ್ನು ನಮ್ಮ ಗಾರ್ಮೆಂಟ್ಸ್ ಕಾರ್ಖಾನೆಯೊಂದರ ಒಳಗೆ ಇಟ್ಟು ನೋಡಿ. ಸಾಲು ಸಾಲು ಹೊಲಿಗೆ ಯಂತ್ರ. ಒಬ್ಬಳಿಗೆ ಕಾಲರ್, ಮತ್ತೊಬ್ಬಳಿಗೆ ತೋಳು, ಇನ್ನೊಬ್ಬಳಿಗೆ ಗುಂಡಿ. ಗಂಟೆಗೆ ಇಷ್ಟು ಪೀಸ್ ಎಂಬ ಟಾರ್ಗೆಟ್ ಬೋರ್ಡಿನ ಮೇಲೆ. ಪ್ರತಿ ಗಂಟೆಗೂ ಸೂಪರ್‌ವೈಸರ್ ಬಂದು ಸಂಖ್ಯೆ ಬರೆಯುತ್ತಾನೆ. ಹಿಂದಿನವಳು ತಡ ಮಾಡಿದರೆ ಇವಳಿಗೆ ಪೀಸ್ ಬರುವುದಿಲ್ಲ. ಇವಳು ತಡ ಮಾಡಿದರೆ ಮುಂದಿನವಳ ಮುಂದೆ ಖಾಲಿ ಮೇಜು, ಬೈಗುಳ ಇಬ್ಬರಿಗೂ. ಶೌಚಾಲಯಕ್ಕೆ ಎದ್ದರೆ ಸಂಖ್ಯೆ ಬೀಳುತ್ತದೆ, ಆದ್ದರಿಂದ ನೀರನ್ನೇ ಕುಡಿಯುವುದಿಲ್ಲ. ಸಂಜೆ ಕಂಪನಿಯ ವ್ಯಾನು ಇಳಿದು ಮನೆಗೆ ಬಂದರೆ ಅಲ್ಲಿ ಎರಡನೇ ಪಾಳಿ: ಅಡುಗೆ, ಪಾತ್ರೆ, ಮಕ್ಕಳ ಹೋಮ್‌ವರ್ಕ್, ಸಂಘದ ಸಾಲದ ಕಂತು. ಇವಳಿಗೆ ‘ಟೆನ್ಷನ್ ಮಾಡ್ಕೋಬೇಡಮ್ಮ’ ಎಂದು ಹೇಳುವ ವೈದ್ಯರ ಮೇಲೆ ನನಗೆ ಸಿಟ್ಟಿಲ್ಲ. ಹೊರಗೆ ಇನ್ನೂ ಎಂಬತ್ತು ರೋಗಿಗಳು ಕಾಯುತ್ತಿರುವಾಗ ಅವರು ಬೇರೆ ಏನು ಹೇಳಿಯಾರು? ಆದರೆ ಆ ಸಲಹೆಯಿಂದ ಟಾರ್ಗೆಟ್ ಬೋರ್ಡಿನ ಸಂಖ್ಯೆ ಒಂದೂ ಕಡಿಮೆಯಾಗುವುದಿಲ್ಲ.

ಬಸ್ಸಿನ ಚಾಲಕನದೂ ಇದೇ ಪಾಡು. ಟ್ರಿಪ್ಪಿಗೆ ರನ್ನಿಂಗ್ ಟೈಮ್ ಗೊತ್ತುಮಾಡುವವರು ಡಿಪೋದಲ್ಲಿರುತ್ತಾರೆ, ಅದನ್ನು ನುಂಗುವ ಟ್ರಾಫಿಕ್ ರಸ್ತೆಯಲ್ಲಿರುತ್ತದೆ. ಎರಡರ ಮೇಲೂ ಅವನಿಗೆ ಅಧಿಕಾರವಿಲ್ಲ. ತಡವಾದರೆ ಮಾತು ಕೇಳಬೇಕಾದವನು ಮಾತ್ರ ಅವನೇ. 1953ರಷ್ಟು ಹಿಂದೆಯೇ ಲಂಡನ್ನಿನ ಜೆರೆಮಿ ಮಾರಿಸ್, ಅಲ್ಲಿನ ಎರಡಂತಸ್ತಿನ ಬಸ್ಸುಗಳ ಚಾಲಕರಿಗೆ ಕಂಡಕ್ಟರುಗಳಿಗಿಂತ ಹೃದ್ರೋಗ ಹೆಚ್ಚೆಂದು ತೋರಿಸಿದ್ದರು. ಮೆಟ್ಟಿಲು ಹತ್ತಿಳಿಯುವ ಕಂಡಕ್ಟರಿಗೆ ವ್ಯಾಯಾಮವಾಗುತ್ತದೆ ಎಂಬುದು ಅವರ ವಿವರಣೆ. ಅದು ಸರಿ. ಕೂತೇ ಇರುವುದರ ಜೊತೆಗೆ ರಸ್ತೆಯ ಕಾಟವನ್ನೂ ಸೇರಿಸಿದರೆ ಚಾಲಕನ ಲೆಕ್ಕ ಪೂರ್ತಿಯಾಗುತ್ತದೆ ಎಂದು ನನ್ನ ಎಣಿಕೆ.

ಗಂಟೆಗಳ ಲೆಕ್ಕವೂ ನಮ್ಮ ಮುಂದಿದೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2021ರಲ್ಲಿ ಒಟ್ಟಾಗಿ ಹೇಳಿದ್ದು ಇಷ್ಟು: ವಾರಕ್ಕೆ 55 ಗಂಟೆ ಮತ್ತು ಅದಕ್ಕೂ ಹೆಚ್ಚು ದುಡಿಯುವವರಿಗೆ, 35ರಿಂದ 40 ಗಂಟೆ ದುಡಿಯುವವರಿಗೆ ಹೋಲಿಸಿದರೆ, ಪಾರ್ಶ್ವವಾಯುವಿನ ಅಪಾಯ ಶೇ 35, ಹೃದ್ರೋಗದಿಂದ ಸಾಯುವ ಅಪಾಯ ಶೇ 17ರಷ್ಟು ಹೆಚ್ಚು. 2016ರಲ್ಲಿ ಹೀಗೆ ಸತ್ತವರು ಜಗತ್ತಿನಲ್ಲಿ 7 ಲಕ್ಷ 45 ಸಾವಿರ ಎಂಬುದು ಅವುಗಳ ಅಂದಾಜು. ಈ ವರದಿ ಬಂದ ಮೇಲೆಯೇ, 2023ರಲ್ಲಿ, ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕೆಂದು ಎನ್.ಆರ್. ನಾರಾಯಣಮೂರ್ತಿ ಹೇಳಿದ್ದು, 2024ರಲ್ಲಿ ಐಟಿ ನೌಕರರ ದಿನವನ್ನು 14 ಗಂಟೆಗೆ ಹಿಗ್ಗಿಸುವ ಪ್ರಸ್ತಾವ ಬೆಂಗಳೂರಿನಲ್ಲಿ ಎದ್ದದ್ದು. ನಾರಾಯಣಮೂರ್ತಿಯವರು ತಾವೂ ಹಾಗೆಯೇ ದುಡಿದವರು ಎಂಬ ಸಮರ್ಥನೆ ಇದೆ, ಅದು ಸುಳ್ಳೂ ಅಲ್ಲ. ಆದರೆ ತಾನು ಕಟ್ಟುತ್ತಿರುವ ಕಂಪನಿಗೆ, ತಾನೇ ಹಾಕಿಕೊಂಡ ವೇಳಾಪಟ್ಟಿಯಲ್ಲಿ ದುಡಿಯುವ 70 ಗಂಟೆಯೂ, ರಾತ್ರಿ ಹತ್ತಕ್ಕೆ ಬರುವ ಮ್ಯಾನೇಜರ್ ಮೆಸೇಜಿಗೆ ಹೆದರಿ ದುಡಿಯುವ 70 ಗಂಟೆಯೂ ದೇಹದ ಪಾಲಿಗೆ ಒಂದೇ ಅಲ್ಲ. ವೈಟ್‌ಹಾಲ್ ಅಧ್ಯಯನ ಕಲಿಸಿದ್ದು ಇದನ್ನೇ.

ಹಾಗೆಂದು, ವ್ಯವಸ್ಥೆ ಬದಲಾಗುವವರೆಗೆ ಕೈಕಟ್ಟಿ ಕೂರಿ ಎಂದರೆ ಅದೂ ಕ್ರೂರವೇ. ಒಬ್ಬೊಬ್ಬರ ಕೈಯಲ್ಲೂ ಒಂದಷ್ಟಿದೆ. ಮೊದಲು ಬಿಪಿಯನ್ನು ಅಳೆಸಿಕೊಳ್ಳಬೇಕು. ಒತ್ತಡ ಮೈಯಲ್ಲಿ ನೆಲೆಸಿದ್ದನ್ನು ಲೆಕ್ಕಕ್ಕೆ ಸಿಗುವಂತೆ ತೋರಿಸುವ ಅಗ್ಗದ ಉಪಾಯ ಅದು, ಮತ್ತು ಬಿಪಿ ಇರುವವರಲ್ಲಿ ಬಹಳ ಮಂದಿಗೆ ಅದು ಇರುವುದೇ ಗೊತ್ತಿರುವುದಿಲ್ಲ. ಅಳೆಯುವ ಮುನ್ನ ಅರ್ಧ ಗಂಟೆ ಕಾಫಿ, ಸಿಗರೇಟು ಬೇಡ. ಐದು ನಿಮಿಷ ಬೆನ್ನು ಒರಗಿಸಿ, ಪಾದ ನೆಲಕ್ಕೂರಿ, ಮಾತಾಡದೆ ಕೂರಬೇಕು. ತೋಳು ಎದೆಯ ಮಟ್ಟದಲ್ಲಿರಬೇಕು. ಮನೆಯಲ್ಲಿ ಅಳೆದದ್ದು ದಿನವೂ 135/85ಕ್ಕಿಂತ ಮೇಲೆಯೇ ಇದ್ದರೆ ವೈದ್ಯರ ಬಳಿ ಹೋಗಬೇಕು. ಪ್ರಾಣಾಯಾಮ ಮಾಡುತ್ತಿದ್ದೇನೆಂದು ಬಿಪಿ ಮಾತ್ರೆ ಬಿಟ್ಟವರನ್ನು ಎಲ್ಲರೂ ನೋಡಿರುತ್ತೇವೆ. ಅದರಷ್ಟು ಅಪಾಯದ ಉಳಿತಾಯ ಇನ್ನೊಂದಿಲ್ಲ.

ಯೋಗದ ಬಗ್ಗೆ ನಮ್ಮಲ್ಲಿ ಭಕ್ತಿ ಇದೆ ಇಲ್ಲವೇ ಗೇಲಿ ಇದೆ, ನಡುವಿನ ಮಾತು ಕಡಿಮೆ. ಭಾರತದ 24 ಆಸ್ಪತ್ರೆಗಳಲ್ಲಿ ಹೃದಯಾಘಾತದಿಂದ ಚೇತರಿಸಿಕೊಳ್ಳುತ್ತಿದ್ದ ಸುಮಾರು ನಾಲ್ಕು ಸಾವಿರ ರೋಗಿಗಳ ಮೇಲೆ ‘ಯೋಗ-ಕೇರ್’ ಎಂಬ ಪ್ರಯೋಗ ನಡೆದು, 2020ರಲ್ಲಿ ಫಲಿತಾಂಶ ಪ್ರಕಟವಾಯಿತು. ಮತ್ತೆ ಹೃದಯಾಘಾತವಾಗುವುದನ್ನು, ಸಾವನ್ನು ಯೋಗ ಖಚಿತವಾಗಿ ತಗ್ಗಿಸಿತೆಂದು ಹೇಳಲಾಗಲಿಲ್ಲ. ಆದರೆ ಯೋಗ ಮಾಡಿದವರು ಹಿಂದಿನ ಕೆಲಸಕಾರ್ಯಗಳಿಗೆ ಹೆಚ್ಚು ಚೆನ್ನಾಗಿ ಮರಳಿದರು, ಆರೋಗ್ಯವಾಗಿದ್ದೇವೆ ಎಂಬ ಭಾವ ಅವರಲ್ಲಿ ಹೆಚ್ಚಿತ್ತು. ಇದು ಸಣ್ಣ ಲಾಭವಲ್ಲ, ಪವಾಡವೂ ಅಲ್ಲ. ನಿಧಾನವಾಗಿ, ನಿಮಿಷಕ್ಕೆ ಆರರಂತೆ ಉಸಿರಾಡಿದರೆ ಎದೆಬಡಿತ ಹದಕ್ಕೆ ಬರುತ್ತದೆ, ಬಿಪಿ ತುಸು ಇಳಿಯುತ್ತದೆ. ಸಿಗ್ನಲ್ಲಿನಲ್ಲಿ ನಿಂತೂ ಇದನ್ನು ಮಾಡಬಹುದು, ಕಾಸು ಖರ್ಚಿಲ್ಲ. ಬಿರುಸು ನಡಿಗೆ ವಾರಕ್ಕೆ ಒಟ್ಟು 150 ನಿಮಿಷ ಆದರೆ ಅದರ ಲಾಭ ಉಸಿರಾಟದ್ದಕ್ಕಿಂತ ಎಷ್ಟೋ ದೊಡ್ಡದು. ನಿದ್ದೆಯದು ಅದಕ್ಕೂ ಮಿಗಿಲು ಎನ್ನಲು ನನಗೆ ಮನಸ್ಸಾಗುತ್ತದೆ, ಏಕೆಂದರೆ ನಿದ್ದೆಗೆಟ್ಟವನು ನಡೆಯಲೂ ಏಳುವುದಿಲ್ಲ.

ಆಪ್ತಸಮಾಲೋಚನೆಯನ್ನು ಹುಚ್ಚಿನ ಚಿಕಿತ್ಸೆ ಎಂದುಕೊಂಡು ದೂರ ಇಡುವವರು ಇನ್ನೂ ಇದ್ದಾರೆ. 2016ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ 151 ಹೃದ್ರೋಗಿಗಳನ್ನು ಎರಡು ಗುಂಪು ಮಾಡಿದರು. ವ್ಯಾಯಾಮದ ಪುನರ್ವಸತಿಯಷ್ಟೇ ಸಿಕ್ಕವರಲ್ಲಿ ಮುಂದಿನ ವರ್ಷಗಳಲ್ಲಿ ಶೇ 33ರಷ್ಟು ಮಂದಿಗೆ ಮತ್ತೆ ಹೃದಯದ ತೊಂದರೆಯೋ ಸಾವೋ ಎದುರಾಯಿತು. ಅದರ ಜೊತೆ ಒತ್ತಡ ನಿಭಾಯಿಸುವ ತರಬೇತಿ ಪಡೆದವರಲ್ಲಿ ಅದು ಶೇ 18. ಇದಕ್ಕೂ ಮುಂಚೆ, ಸುಮಾರು 2,500 ರೋಗಿಗಳ ಖಿನ್ನತೆಗೆ, ಒಂಟಿತನಕ್ಕೆ ಚಿಕಿತ್ಸೆ ಕೊಟ್ಟ ದೊಡ್ಡ ಪ್ರಯೋಗವೊಂದು ಸಾವನ್ನು ತಗ್ಗಿಸಲು ಸೋತಿತ್ತೆಂಬುದನ್ನೂ ಹೇಳಬೇಕು. ಆದರೂ ಆ ರೋಗಿಗಳ ಖಿನ್ನತೆ ಇಳಿಯಿತು, ಅದಕ್ಕೇ ಒಂದು ಬೆಲೆಯಿದೆ. ಫೋನಿನಲ್ಲಿ ಕನ್ನಡದಲ್ಲೇ ಮಾತಾಡಲು ಟೆಲಿ-ಮಾನಸ್ 14416 ಇದೆ.

ಇನ್ನೊಂದು ಮಾತು ಪ್ರಾಣದ ಪ್ರಶ್ನೆ. ಎದೆಯ ನಡುವೆ ಒತ್ತಿದಂತಾಗಿ, ಬೆವತು, ನೋವು ಎಡತೋಳಿಗೋ ದವಡೆಗೋ ಹರಿದರೆ ‘ಗ್ಯಾಸ್ಟ್ರಿಕ್ ಇರಬೇಕು, ಟೆನ್ಷನ್ ಬೇರೆ’ ಎಂದು ಸೋಡಾ ಕುಡಿದು ಮಲಗುವುದು ನಮ್ಮ ಊರುಗಳ ಮಾಮೂಲಿ. ಹೆಂಗಸರಲ್ಲಂತೂ ಬರೀ ಸುಸ್ತು, ವಾಕರಿಕೆ, ಉಬ್ಬಸವಾಗಿಯೂ ಹೃದಯಾಘಾತ ಬರುವುದರಿಂದ ಮನೆಯವರು ಅದನ್ನು ‘ಮನಸ್ಸಿಗೆ ಹಚ್ಚಿಕೊಂಡದ್ದು’ ಎಂದು ತಳ್ಳಿಹಾಕುವುದು ಇನ್ನೂ ಸುಲಭ. ಒಂದು ಇಸಿಜಿ ತೆಗೆಸಲು ಹತ್ತು ನಿಮಿಷ ಸಾಕು. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯಜ್ಯೋತಿ ಯೋಜನೆಯಡಿ ತಾಲೂಕು ಆಸ್ಪತ್ರೆಗಳಲ್ಲೇ ಇಸಿಜಿ ನೋಡಿ, ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನ್ನನ್ನು ಉಚಿತವಾಗಿ ಕೊಡುವ ವ್ಯವಸ್ಥೆ ಬಂದಿದೆ. ಅದು ಮೊದಲ ಗಂಟೆಗಳಲ್ಲಿ ಮಾತ್ರ ಚೆನ್ನಾಗಿ ಕೆಲಸ ಮಾಡುತ್ತದೆ.

ಇಷ್ಟಾದ ಮೇಲೆ ಮತ್ತೆ ಹಿಡಿತದ ಪ್ರಶ್ನೆಗೇ ಬರುತ್ತೇನೆ. 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಮೈಕ್ರೋಫೈನಾನ್ಸ್ ವಸೂಲಿಯ ಕಿರುಕುಳ ತಡೆಯಲು ಸುಗ್ರೀವಾಜ್ಞೆ ತಂದಿತು. ಬಲವಂತದ ವಸೂಲಿಗೆ ಹತ್ತು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ. ಅದನ್ನು ಯಾರೂ ಹೃದಯದ ಆರೋಗ್ಯದ ಕಾನೂನು ಎಂದು ಕರೆಯಲಿಲ್ಲ. ಆದರೆ ಹಣಕಾಸಿನ ಮುಗ್ಗಟ್ಟು ಇಂಟರ್‌ಹಾರ್ಟ್ ಪಟ್ಟಿಯಲ್ಲೇ ಇತ್ತು. ವಸೂಲಿಯವನು ಬೆಳಗ್ಗೆ ಆರಕ್ಕೆ ಬಾಗಿಲು ತಟ್ಟುವುದು ನಿಂತರೆ ಆ ಮನೆಯ ಬಿಪಿ ಇಳಿಯಲು ಧ್ಯಾನಶಿಬಿರ ಬೇಕಾಗುವುದಿಲ್ಲ. ಇದೇ ದಿಕ್ಕಿನಲ್ಲಿ ಹೆಚ್ಚು ಖರ್ಚಿಲ್ಲದ ಕೆಲಸಗಳು ಇನ್ನೂ ಇವೆ. ಮುಂದಿನ ವಾರದ ಪಾಳಿ ಯಾವುದೆಂದು ಈ ವಾರವೇ ತಿಳಿಸುವುದು. ರಾತ್ರಿಪಾಳಿ ಮುಗಿಸಿದವನನ್ನು ಮರುದಿನ ಮುಂಜಾನೆಗೇ ಕರೆಯದಿರುವುದು. ರನ್ನಿಂಗ್ ಟೈಮನ್ನು ಇಂದಿನ ಟ್ರಾಫಿಕ್ ನೋಡಿ ಮತ್ತೆ ನಿಗದಿ ಮಾಡುವುದು, ಮಾರ್ಗದ ಎರಡೂ ತುದಿಯಲ್ಲಿ ಶೌಚಾಲಯ ಇಡುವುದು.

ಕಂಪನಿಗಳು ವರ್ಷಕ್ಕೊಮ್ಮೆ ಆರೋಗ್ಯ ತಪಾಸಣೆ ಶಿಬಿರ ನಡೆಸುತ್ತವೆ, ಜೂನ್ 21ಕ್ಕೆ ಯೋಗವನ್ನೂ ಮಾಡಿಸುತ್ತವೆ. ಆ ಶಿಬಿರದ ಫಾರಂನಲ್ಲಿ ತೂಕ, ಬಿಪಿ, ಸಕ್ಕರೆಯ ಕಾಲಂಗಳಿವೆ. ಜೊತೆಗೆ ಇನ್ನು ಮೂರನ್ನು ಸೇರಿಸಬಹುದು: ಕಳೆದ ವಾರ ಎಷ್ಟು ಗಂಟೆ ಕೆಲಸ, ಎಷ್ಟು ಗಂಟೆ ನಿದ್ದೆ, ಬೇಕೆನಿಸಿದಾಗ ಹತ್ತು ನಿಮಿಷ ಏಳಲು ಯಾರ ಅಪ್ಪಣೆ ಬೇಕು. ಹೆಸರು ತೆಗೆದು, ವಿಭಾಗವಾರು ಜೋಡಿಸಿ, ಬಿಪಿಯ ಪಕ್ಕದಲ್ಲಿಟ್ಟು ಆ ಹಾಳೆಯನ್ನು ಮ್ಯಾನೇಜ್‌ಮೆಂಟ್ ಮತ್ತು ಯೂನಿಯನ್ ಒಂದೇ ಮೇಜಿನ ಮೇಲೆ ಹರಡಿಕೊಂಡು ಓದಲಿ.